ಜಾಹೀರಾತು ನಿಂತ 19 ದಿನ: ಒಂದು ಕುರ್ಚಿ ರಿಪೇರಿ ವರ್ಕ್‌ಶಾಪಿನ ಪ್ರಕರಣ

ಇದು ಅಕ್ಕ-ತಮ್ಮ ಇಬ್ಬರೂ ಸೇರಿ ನಡೆಸುವ ಒಂದು ವರ್ಕ್‌ಶಾಪಿನ ಕಥೆ. ಆಫೀಸ್ ಕುರ್ಚಿ ರಿಪೇರಿ ಅವರ ಮುಖ್ಯ ಕೆಲಸ. ಜೊತೆಗೆ ಸೋಫಾದ ಫೋಮ್, ಬಟ್ಟೆ ಬದಲಿಸುತ್ತಾರೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಜಾಗ ಹೇಳುವುದಿಲ್ಲ. ಸಂಖ್ಯೆಗಳನ್ನೂ ಕೊಂಚ ಆಚೀಚೆ ಮಾಡಿದ್ದೇನೆ, ಅನುಪಾತ ಮಾತ್ರ ಹಾಗೇ ಇದೆ. ನಾನು ಅವರ ಲೆಕ್ಕ ಬರೆದುಕೊಡುವವನು, ಜಾಹೀರಾತಿನ ಪಂಡಿತ ಅಲ್ಲ. ತಿಂಗಳ ಕೊನೆಗೆ ಅವರ ಪಾಸ್‌ಬುಕ್ಕು ನನ್ನ ಮೇಜಿಗೆ ಬರುತ್ತದಲ್ಲ, ಹಾಗಾಗಿ ಈ ಪ್ರಕರಣದೊಳಗೆ ಬಂದೆ.

ತಮ್ಮನದು ಕೈಕೆಲಸ. ಫೋನು, ಬಿಲ್ಲು, ಗಿರಾಕಿಗಳ ಜೊತೆ ಮಾತು ಎಲ್ಲ ಅಕ್ಕನದು. ಒಬ್ಬ ಸಹಾಯಕ ಇದ್ದಾನೆ. ಹನ್ನೊಂದು ವರ್ಷದಿಂದ ಹೀಗೇ ನಡೆದಿದೆ. ಬರುವವರೆಲ್ಲ ಒಬ್ಬರಿಂದೊಬ್ಬರು ಕೇಳಿ ಬಂದವರೇ. ಒಂದೇ ಕುರ್ಚಿ ಹೊತ್ತು ತರುವವರು ಜಾಸ್ತಿ, ಐದಾರು ಕುರ್ಚಿ ಕೊಡುವ ಸಣ್ಣ ಆಫೀಸುಗಳು ಕಡಿಮೆ.

ಒಂದೂವರೆ ವರ್ಷದಲ್ಲಿ ಕೆಲಸ ನಿಧಾನವಾಗಿ ಇಳಿಯಿತು. ತಿಂಗಳಿಗೆ 70ರ ಆಸುಪಾಸು ಇದ್ದದ್ದು 50ಕ್ಕೆ ಬಂತು. ಇಬ್ಬರೂ ಕೂತು ಕಾರಣ ಹುಡುಕಿದರು. 'ಜನಕ್ಕೆ ನಮ್ಮ ಬಗ್ಗೆ ಗೊತ್ತಿಲ್ಲ' ಎಂದು ತೀರ್ಮಾನಿಸಿದರು. ಅದು ಅರ್ಧ ನಿಜ. ಉಳಿದರ್ಧ ಗೊತ್ತಾಗಲು ಒಂದು ವರ್ಷ ಹಿಡಿಯಿತು.

ಮೊದಲು ರಿಯಾಯಿತಿ

ಎಲ್ಲರೂ ಮಾಡುವುದನ್ನೇ ಅವರೂ ಮಾಡಿದರು. ಒಂದು ತಿಂಗಳು ನೂರಕ್ಕೆ 20 ರಿಯಾಯಿತಿ. ಹಾಕುವ ಮೊದಲು ನನ್ನನ್ನು ಕೇಳಿರಲಿಲ್ಲ. ಕೇಳಿದ್ದರೆ ಒಂದು ಸಣ್ಣ ಲೆಕ್ಕ ತೋರಿಸುತ್ತಿದ್ದೆ.

ಅವರ ನೂರರ ಕೆಲಸದಲ್ಲಿ ಸಾಮಾನು, ಸಾಗಣೆ, ಸಹಾಯಕನ ಕೂಲಿ ಸೇರಿ 60 ಹೋಗುತ್ತದೆ. 40 ಉಳಿಯುತ್ತದೆ. ಗಿರಾಕಿಗೆ 20 ಬಿಟ್ಟುಕೊಟ್ಟರೆ ಖರ್ಚೇನೂ ಇಳಿಯುವುದಿಲ್ಲ, ಆ 20 ಪೂರ್ತಿ ಈ ನಲವತ್ತರಿಂದಲೇ ಹೋಗುತ್ತದೆ. ಅಂದರೆ ರಿಯಾಯಿತಿ ಬೆಲೆಯಲ್ಲಿ ನೂರಕ್ಕೆ 20, ಲಾಭದಲ್ಲಿ ಅರ್ಧಕ್ಕರ್ಧ. ಮೊದಲಿನಷ್ಟೇ ಉಳಿಯಬೇಕಾದರೆ 50 ಕೆಲಸದ ಬದಲು 100 ಕೆಲಸ ಬರಬೇಕು. ಬಂದದ್ದು 62. ಮೊದಲು 2,000 ಉಳಿಯುತ್ತಿದ್ದ ಕಡೆ 1,240 ಉಳಿಯಿತು. ನೂರು ಬಂದಿದ್ದರೂ ಮಾಡಲು ಕೈ ಎಲ್ಲಿತ್ತು ಅನ್ನುವುದು ಬೇರೆ ಮಾತು.

ಬಿಲ್ ಪುಸ್ತಕ ತಿರುವಿದಾಗ ಇನ್ನೊಂದು ಕಂಡಿತು. ಆ 62ರಲ್ಲಿ 40 ಹಳೆಯ ಗಿರಾಕಿಗಳೇ. ಹೇಗೂ ಬರುತ್ತಿದ್ದವರಿಗೆ ಕಡಿಮೆ ತಗೊಂಡು ಕಳಿಸಿದ್ದರು. ಮುಂದಿನ ತಿಂಗಳು ಬಂದವರು 'ಹೋದ ತಿಂಗಳ ರೇಟಿಗೇ ಮಾಡಿಕೊಡಿ' ಅಂತ ಕೂತರು. ಅದನ್ನು ತಪ್ಪಿಸಲು ಅಕ್ಕನಿಗೆ ಎರಡು ತಿಂಗಳು ಬೇಕಾಯಿತು.

ಆಮೇಲೆ ಸೋಶಿಯಲ್ ಮೀಡಿಯಾದಲ್ಲಿ ರಿಪೇರಿಗೆ ಮುಂಚೆ, ರಿಪೇರಿ ಆದಮೇಲೆ ಅಂತ ಫೋಟೋ ಹಾಕಿದರು. ಲೈಕ್ ಚೆನ್ನಾಗಿಯೇ ಬಂತು. ಒತ್ತಿದವರಲ್ಲಿ ಮುಕ್ಕಾಲು ಪಾಲು ಇದೇ ಕಸುಬಿನವರು. ಅದರ ಬಗ್ಗೆ ಇಷ್ಟು ಸಾಕು.

ಚಂದದ ರಿಪೋರ್ಟು

ಮೂರನೆಯದು ಸರ್ಚ್ ಜಾಹೀರಾತು, ಅಂದರೆ ಜನ ಫೋನಿನಲ್ಲಿ ಏನಾದರೂ ಹುಡುಕಿದಾಗ ಮೇಲ್ಗಡೆ ಕಾಣುವ, ಅವರು ಒತ್ತಿದಾಗಲೆಲ್ಲ ಹಣ ಕಟ್ ಆಗುವ ಜಾಹೀರಾತು. ಪರಿಚಯದ ಹುಡುಗನೊಬ್ಬ ಸೆಟ್ ಮಾಡಿಕೊಟ್ಟ. ತಿಂಗಳ ಖರ್ಚೆಲ್ಲ ಕಳೆದು ಕೈಯಲ್ಲಿ ಉಳಿಯುವುದರಲ್ಲಿ ಐದನೇ ಒಂದು ಪಾಲು ಇದಕ್ಕೆ ಹೋಗತೊಡಗಿತು. ತಿಂಗಳ ಕೊನೆಗೆ ಬಣ್ಣಬಣ್ಣದ ರಿಪೋರ್ಟು ಬಂತು: 'ಈ ತಿಂಗಳು ಜಾಹೀರಾತಿನಿಂದ 64 ಕರೆ.' ಅಕ್ಕನಿಗೆ ಖುಷಿಯೋ ಖುಷಿ.

ನನಗೆ ಲೆಕ್ಕ ಕೂಡಲಿಲ್ಲ. ಅವರಿಗೆ ಮೊದಲೇ ತಿಂಗಳಿಗೆ ನೂರರ ಹತ್ತಿರ ಕರೆ ಬರುತ್ತಿತ್ತು. ಹತ್ತು ಕರೆಗೆ ಐದು ಕೆಲಸ ಕುದುರುತ್ತಿತ್ತು. ಜಾಹೀರಾತು ಶುರುವಾದ ಮೇಲೂ ಒಟ್ಟು ಕರೆ ನೂರರ ಹತ್ತಿರವೇ ಇತ್ತು. ಕೆಲಸ 50 ಇದ್ದದ್ದು 53 ಆಗಿತ್ತು. '64 ಕರೆ ಜಾಹೀರಾತು ತಂದಿದ್ದರೆ, ಅದಕ್ಕೂ ಮೊದಲು ಬರುತ್ತಿದ್ದ ಕರೆಗಳು ಎಲ್ಲಿ ಹೋದವು?' ಅಂತ ಕೇಳಿದೆ.

'ಮಾರ್ಕೆಟ್ ಬಿದ್ದಿದೆ. ಇದೂ ಇಲ್ಲದಿದ್ದರೆ ಇನ್ನೂ ಕೆಳಗೆ ಹೋಗಿರುತ್ತಿತ್ತು' ಅಂದರು ಅಕ್ಕ.

ಈ ಉತ್ತರವನ್ನು ಕೂತಲ್ಲೇ ಸುಳ್ಳು ಅನ್ನಲು ಬರುವುದಿಲ್ಲ. ಅದೇ ಅದರ ತೊಂದರೆ. ಕೆಲಸ ಏರಿದರೆ ಜಾಹೀರಾತಿನಿಂದ ಏರಿತು, ಇಳಿದರೆ ಜಾಹೀರಾತು ಇದ್ದದ್ದಕ್ಕೆ ಇಷ್ಟಕ್ಕೇ ನಿಂತಿತು. ಹೀಗೆ ಐದು ತಿಂಗಳು ದುಡ್ಡು ಹೋಯಿತು.

ಆರನೇ ತಿಂಗಳ ಪಾಸ್‌ಬುಕ್ಕಿನಲ್ಲಿ ಜಾಹೀರಾತಿನ ಖರ್ಚು ಎಂದಿಗಿಂತ ಬಹಳ ಕಡಿಮೆ ಇತ್ತು. ವಿಚಾರಿಸಿದರೆ ಅಕ್ಕನ ಕಾರ್ಡಿನ ಅವಧಿ ಮುಗಿದು, ಹಣ ಕಟ್ ಆಗದೆ, ಜಾಹೀರಾತು ತಾನಾಗಿ ನಿಂತಿದೆ. ಒಟ್ಟು 19 ದಿನ. ಇಬ್ಬರಿಗೂ ಗೊತ್ತೇ ಆಗಿರಲಿಲ್ಲ! ಫೋನಿನ ಪಟ್ಟಿ ತೆಗೆದು, ಎರಡೆರಡು ಸಲ ಬಂದ ನಂಬರ್ ಬಿಟ್ಟು ಎಣಿಸಿದೆವು. ಜಾಹೀರಾತು ನಿಲ್ಲುವ ಮುಂಚಿನ 19 ದಿನದಲ್ಲಿ 65 ಕರೆ. ನಿಂತ 19 ದಿನದಲ್ಲಿ 63.

'ನೋಡಕ್ಕಾ, ಇಷ್ಟು ದಿನ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು' ಅಂದ ತಮ್ಮ. ಹೊಸ ಕಾರ್ಡಿನ ನಂಬರ್ ಹಾಕುವುದೇ ಬೇಡ ಎಂದ.

ನಾನೂ ಹೌದಪ್ಪ ಅಂದುಬಿಡುವವನಿದ್ದೆ. ಅಲ್ಲಿಗೆ ಮುಗಿಸಿದ್ದರೆ 'ನಮ್ಮಂಥವರಿಗೆ ಜಾಹೀರಾತು ಹಿಡಿಸಲ್ಲ' ಅನ್ನುವ ಪಾಠ ಕಲಿತು ಎದ್ದಿರುತ್ತಿದ್ದೆವು. ಅದೂ ತಪ್ಪು ಪಾಠವೇ. ಜಾಹೀರಾತು ಕೆಲಸ ಮಾಡಲಿಲ್ಲ ಎಂದು ಗೊತ್ತಾಗಿತ್ತು. ಯಾವ ಜಾಹೀರಾತು, ಯಾರ ಮೇಲೆ, ಅದು ಗೊತ್ತಾಗಿರಲಿಲ್ಲ.

ಜನ ಏನು ಟೈಪ್ ಮಾಡಿದ್ದರು

ಯಾವ ಪದ ಹುಡುಕಿದವರಿಗೆ ಜಾಹೀರಾತು ಕಂಡಿತು ಅನ್ನುವ ಪಟ್ಟಿ ಖಾತೆಯೊಳಗೇ ಇರುತ್ತದೆ. ರಿಪೋರ್ಟಿನ ಮೊದಲ ಪುಟದಲ್ಲಿ ಇರುವುದಿಲ್ಲ, ಹುಡುಕಿ ತೆಗೆಯಬೇಕು. ಒಂದು ಸಂಜೆ ಮೂವರೂ ಕೂತು ತೆಗೆದೆವು.

ಕ್ಲಿಕ್‌ಗಳಲ್ಲಿ ಮೂರರಲ್ಲಿ ಎರಡು ಪಾಲು ಅವರ ವರ್ಕ್‌ಶಾಪಿನ ಹೆಸರನ್ನೇ ಟೈಪ್ ಮಾಡಿದವರದು. ಕಾಗುಣಿತ ತಪ್ಪಿದ್ದೂ ಸೇರಿ ಒಂಬತ್ತು ಬಗೆಯಲ್ಲಿ. ಒಬ್ಬರಂತೂ ಅಕ್ಕನ ಫೋನ್ ನಂಬರನ್ನೇ ಹುಡುಕಿದ್ದರು. ಉಳಿದದ್ದರಲ್ಲಿ 'ನ್ಯೂ ಆಫೀಸ್ ಚೇರ್', 'ಚೇರ್ ರಿಪೇರಿ ಕೆಲಸ ಖಾಲಿ ಇದೆಯಾ', 'ಮನೆಯಲ್ಲೇ ಕುರ್ಚಿ ರಿಪೇರಿ ಹೇಗೆ' ಇಂಥವು. ಬಹಳ ದೂರದವರೂ ಇದ್ದರು. ಯಾಕೆಂದರೆ ಸೆಟ್ಟಿಂಗ್‌ನಲ್ಲಿ 'ಈ ಪ್ರದೇಶದಲ್ಲಿ ಇರುವವರು ಅಥವಾ ಇದರ ಬಗ್ಗೆ ಆಸಕ್ತಿ ತೋರಿಸಿದವರು' ಎಂದಿತ್ತು. ಆ 'ಅಥವಾ' ನಮ್ಮ ಹಣ ತಿಂದಿತ್ತು. ನಿಜವಾಗಿ ಬೇಕಾದವರು, ಅಂದರೆ ಹತ್ತಿರದಲ್ಲೇ ಇದ್ದು ರಿಪೇರಿ ಮಾಡುವವರನ್ನು ಹುಡುಕುತ್ತಿದ್ದವರು, ಪಟ್ಟಿಯ ಕೆಳಗೆಲ್ಲೋ ಇದ್ದರು.

ನಡೆದದ್ದು ಇಷ್ಟೇ. ಯಾರೋ ಗೆಳೆಯರಿಗೆ ವರ್ಕ್‌ಶಾಪಿನ ಹೆಸರು ಹೇಳುತ್ತಾರೆ. ಗೆಳೆಯ ಫೋನಿನಲ್ಲಿ ಆ ಹೆಸರು ಹುಡುಕುತ್ತಾನೆ. ಮೇಲ್ಗಡೆ ಜಾಹೀರಾತು, ಅದರ ಕೆಳಗೆ ಪುಕ್ಕಟೆ ಸಿಗುವ ಅದೇ ನಂಬರು. ಕಣ್ಣಿಗೆ ಮೊದಲು ಬಿದ್ದದ್ದನ್ನು ಒತ್ತುತ್ತಾನೆ. ಗಿರಾಕಿಯನ್ನು ತಂದದ್ದು ಗೆಳೆಯನ ಮಾತು, ಹೆಸರು ಬಂದದ್ದು ಜಾಹೀರಾತಿಗೆ. ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಅಂತಾರಲ್ಲ, ಇಲ್ಲಿ ಕಾಗೆ ರಿಪೋರ್ಟನ್ನೂ ಬರೆದುಕೊಡುತ್ತದೆ.

ದೊಡ್ಡವರೂ ಇದರಲ್ಲಿ ಬಿದ್ದಿದ್ದಾರೆ. 2012ರಲ್ಲಿ ಈಬೇ ಎಂಬ ಆನ್‌ಲೈನ್ ಮಾರಾಟದ ದೊಡ್ಡ ಕಂಪನಿ ತನ್ನದೇ ಹೆಸರಿನ ಮೇಲೆ ಕೊಡುತ್ತಿದ್ದ ಜಾಹೀರಾತನ್ನು ಕೆಲವು ಸರ್ಚ್ ಎಂಜಿನ್‌ಗಳಲ್ಲಿ ನಿಲ್ಲಿಸಿ ನೋಡಿತು. ಹೋದ ಕ್ಲಿಕ್ಕುಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಕೆಳಗಿನ ಪುಕ್ಕಟೆ ಲಿಂಕಿನಿಂದಲೇ ವಾಪಸ್ ಬಂದವು. ಥಾಮಸ್ ಬ್ಲೇಕ್, ಕ್ರಿಸ್ ನೋಸ್ಕೊ, ಸ್ಟೀವನ್ ಟಾಡೆಲಿಸ್ ಎಂಬ ಮೂವರು ಇದನ್ನು 2015ರಲ್ಲಿ ಎಕನಾಮೆಟ್ರಿಕಾ ಪತ್ರಿಕೆಯಲ್ಲಿ ಬರೆದರು. ಅದೇ ಅಧ್ಯಯನದ ಇನ್ನೊಂದು ಭಾಗ ಯಾಕೋ ಅಷ್ಟು ಪ್ರಚಾರ ಆಗಿಲ್ಲ. ಬೇರೆ ಪದಗಳ ಮೇಲಿನ ಜಾಹೀರಾತು ಹೊಸಬರ ಮೇಲೆ, ಅಪರೂಪಕ್ಕೆ ಬರುವವರ ಮೇಲೆ ಪರಿಣಾಮ ಬೀರಿತ್ತು. ಆಗಾಗ ಕೊಳ್ಳುವವರ ಮೇಲೆ ಏನೂ ಇಲ್ಲ.

ಇದನ್ನು ಹೇಳಿದಾಗ ಅಕ್ಕ ನಕ್ಕರು. 'ಈಬೇ ಎಲ್ಲಿ, ನಾವೆಲ್ಲಿ?' ಒಪ್ಪುವ ಮಾತೇ. ಅವರನ್ನು ಎಲ್ಲರೂ ಬಲ್ಲರು, ಇವರನ್ನು ಯಾರು ಬಲ್ಲರು? 19 ದಿನದ ಲೆಕ್ಕವೂ ಆಕಸ್ಮಿಕ ಇರಬಹುದು. ಹಾಗಾಗಿ ಬೇಕೆಂದೇ ಪರೀಕ್ಷೆ ಮಾಡಿದೆವು. ಎರಡು ವಾರ ಸ್ವಂತ ಹೆಸರಿನ ಜಾಹೀರಾತು ಬಂದ್, ಎರಡು ವಾರ ಚಾಲೂ. ಹೀಗೆ ಎರಡು ಸುತ್ತು. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಬಂದ್ ಇದ್ದಾಗ 47, ಚಾಲೂ ಇದ್ದಾಗ 49. ಮತ್ತೆ ಬಂದ್, 50. ಮತ್ತೆ ಚಾಲೂ, 46. ಇಷ್ಟು ಸಣ್ಣ ಸಂಖ್ಯೆಯಲ್ಲಿ ಒಂದೆರಡು ಕರೆಯ ವ್ಯತ್ಯಾಸ ಹಿಡಿಯಲು ಆಗುವುದಿಲ್ಲ, ನಿಜ. ಆದರೆ ಮೂರರಲ್ಲಿ ಎರಡು ಪಾಲು ಹಣ ತಿನ್ನುವುದು ಒಂದೆರಡು ಕರೆ ತಂದರೆ ಸಾಲದಲ್ಲ.

ಹೆಸರಿನ ಜಾಹೀರಾತು ನಿಲ್ಲಿಸಿದರು. 'ಕೆಲಸ ಖಾಲಿ', 'ನ್ಯೂ' ಇಂಥ ಪದ ಇದ್ದರೆ ತೋರಿಸಬೇಡ ಎಂದು ಹಾಕಿದರು. ಆ 'ಅಥವಾ'ವನ್ನು ತೆಗೆದರು. ಖರ್ಚು ಮೂರನೇ ಒಂದಕ್ಕೆ ಇಳಿಯಿತು.

23 ಫೋನು

ಖರ್ಚು ಇಳಿಯಿತು, ಸರಿ. ಕೆಲಸ ಏರಬೇಕಲ್ಲ?

ಹಳೆಯ ಗಿರಾಕಿಗಳಿಗೆ ಫೋನ್ ಮಾಡಲು ಅಕ್ಕ ಮೊದಲು ಒಪ್ಪಲಿಲ್ಲ. 'ಸುಮ್ನೆ ಕಿರಿಕಿರಿ ಮಾಡಿದ ಹಾಗಾಗುತ್ತೆ' ಅಂದರು. ಕೊನೆಗೆ ಬಿಲ್ ಪುಸ್ತಕದಿಂದ 23 ಜನರನ್ನು ಆರಿಸಿಕೊಂಡರು. 'ನಮ್ಮ ಬಗ್ಗೆ ಹೇಗೆ ಗೊತ್ತಾಯ್ತು' ಅಂತ ಕೇಳಬೇಡಿ ಎಂದೆ. ಹಾಗೆ ಕೇಳಿದರೆ 'ಫೋನಲ್ಲಿ ನೋಡಿದೆ' ಅನ್ನುವ ಒಂದೇ ಉತ್ತರ ಬರುತ್ತದೆ. ಅದು ಕೊನೆಯ ಹೆಜ್ಜೆ ಮಾತ್ರ. ಬದಲಿಗೆ ಹೀಗೆ ಕೇಳಿದರು: 'ಕುರ್ಚಿ ಕೆಟ್ಟ ದಿನದಿಂದ ನಮಗೆ ಫೋನ್ ಮಾಡಿದ ದಿನದ ತನಕ ಏನೇನಾಯ್ತು, ಸ್ವಲ್ಪ ಹೇಳ್ತೀರಾ?'

ಜನ ಮಾತಾಡಿದರು. ಎರಡು ನಿಮಿಷ ಅಂದುಕೊಂಡದ್ದು ಕೆಲವರ ಹತ್ತಿರ ಕಾಲು ಗಂಟೆ ಆಯಿತು. ಒಬ್ಬರು ಎಂಟು ತಿಂಗಳು ದಿಂಬು ಹಾಕಿಕೊಂಡು ಕೂತಿದ್ದರಂತೆ. ಇನ್ನೊಬ್ಬರು ಕುರ್ಚಿ ಇಳಿಯದಿರಲಿ ಎಂದು ಪೈಪಿನ ತುಂಡು ಸೀಳಿ ಕಂಬಕ್ಕೆ ಸಿಕ್ಕಿಸಿದ್ದರಂತೆ. 23ರಲ್ಲಿ 14 ಜನ ಮೊದಲು ಹೊಸ ಕುರ್ಚಿ ನೋಡಲು ಹೋಗಿದ್ದರು. ಬೇರೆ ರಿಪೇರಿಯವರ ಹತ್ತಿರ ರೇಟು ಕೇಳಿದ್ದವರು ಇಬ್ಬರೇ. ಮತ್ತೆ ಮತ್ತೆ ಬಂದ ಮಾತು: 'ಇದು ರಿಪೇರಿ ಆಗುತ್ತೆ ಅಂತಾನೇ ಗೊತ್ತಿರಲಿಲ್ಲ.'

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. 'ನಮ್ಮ ಬಗ್ಗೆ ಗೊತ್ತಿಲ್ಲ' ಎಂದು ಅಕ್ಕ-ತಮ್ಮ ಅಂದುಕೊಂಡಿದ್ದರು. ಜನಕ್ಕೆ ಗೊತ್ತಿಲ್ಲದ್ದು ಇವರ ಬಗ್ಗೆ ಅಲ್ಲ, ಕುರ್ಚಿಯ ಬಗ್ಗೆ. ಕೂತರೆ ಮೆಲ್ಲಗೆ ಕೆಳಗಿಳಿಯುವ ಕುರ್ಚಿಯಲ್ಲಿ ಕೆಟ್ಟಿರುವುದು ಸಾಮಾನ್ಯವಾಗಿ ಒಂದೇ ಭಾಗ, ಒತ್ತಿ ತುಂಬಿದ ಗ್ಯಾಸ್ ಇರುವ ಸಿಲಿಂಡರು. ಸೀಲು ಸವೆದು ಗ್ಯಾಸ್ ಹೊರಗೆ ಹೋಗಿರುತ್ತದೆ. ಹೆಚ್ಚಿನ ಆಫೀಸ್ ಕುರ್ಚಿಗಳಿಗೆ ಒಂದೇ ಅಳತೆಯ ಸಿಲಿಂಡರು ಹೊಂದುತ್ತದೆ. ಬದಲಿಸಲು ಅರ್ಧ ಗಂಟೆ. ತಮ್ಮನಿಗೆ ಇದು ಎಷ್ಟು ಸಾಮಾನ್ಯ ಸಂಗತಿ ಅಂದರೆ, ಇದನ್ನು ಹೇಳಬೇಕು ಅಂತ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅನಿಸಿರಲಿಲ್ಲ.

ಹಳೆಯ ಜಾಹೀರಾತಿನಲ್ಲಿದ್ದದ್ದು: '11 ವರ್ಷಗಳ ಅನುಭವ. ಉತ್ತಮ ಗುಣಮಟ್ಟ. ಸೂಕ್ತ ದರ. ಕುರ್ಚಿ ಮತ್ತು ಸೋಫಾ.' ಹೊಸದು: 'ಕೂತರೆ ಕುರ್ಚಿ ಕೆಳಗಿಳಿಯುತ್ತಿದೆಯಾ? ಬಿಸಾಡಬೇಡಿ. ಸಿಲಿಂಡರ್ ಬದಲಿಸಿದರೆ ಸಾಕು, ಅರ್ಧ ಗಂಟೆ ಕೆಲಸ.'

ತಮ್ಮನಿಗೆ ಇದು ಹಿಡಿಸಲಿಲ್ಲ. ಅನುಭವದ ಮಾತು ಹೋಯಿತು, ಸೋಫಾ ಹೋಯಿತು. 'ಒಂದು ಸೋಫಾದಲ್ಲಿ ಐದು ಕುರ್ಚಿಯಷ್ಟು ಉಳಿಯುತ್ತೆ ಅಕ್ಕ, ಅದನ್ನೇ ಬಿಟ್ಟರೆ ಹೇಗೆ?' ಅಂದ. 'ಐದು ಕುರ್ಚಿಯಷ್ಟು ಉಳಿಯುತ್ತೆ ಕಣೋ, ಎಷ್ಟು ದಿನ ಹಿಡಿಯುತ್ತೆ ಅದನ್ನೂ ಹೇಳು' ಅಂದರು ಅಕ್ಕ. ಬರೆದು ನೋಡಿದೆವು. ಒಂದು ಸೋಫಾಗೆ ಎರಡು ದಿನ. ಅದೇ ಎರಡು ದಿನದಲ್ಲಿ, ತಂದು ಕೊಟ್ಟು ಎಲ್ಲ ಸೇರಿ, ಎಂಟು-ಒಂಬತ್ತು ಕುರ್ಚಿ ಮುಗಿಯುತ್ತದೆ. ದಿನದ ಲೆಕ್ಕದಲ್ಲಿ ಕುರ್ಚಿಯೇ ಮೇಲು. ಕೈ ಕಡಿಮೆ ಇರುವ ವರ್ಕ್‌ಶಾಪಿನಲ್ಲಿ ಒಂದು ಕೆಲಸಕ್ಕೆ ಎಷ್ಟು ಎಂದು ಕೇಳುವುದಕ್ಕಿಂತ ಒಂದು ದಿನಕ್ಕೆ ಎಷ್ಟು ಎಂದು ಕೇಳಬೇಕು. ಇದನ್ನು ಎಷ್ಟೋ ವರ್ಷ ಮೊದಲೇ ತೋರಿಸಬೇಕಾಗಿದ್ದವನು ನಾನೇ. ಸೋಫಾ ಬಂದರೆ ಈಗಲೂ ಮಾಡುತ್ತಾರೆ. ಜಾಹೀರಾತಿನಲ್ಲಿ ಮಾತ್ರ ಇಲ್ಲ.

ಆ 23 ಫೋನಿನಲ್ಲಿ ಇನ್ನೊಂದೂ ಹೊರಬಿತ್ತು. ಹಲವರಿಗೆ ಮೊದಲ ಸಲ ಫೋನ್ ಮಾಡಿದಾಗ ರೇಟು ಗೊತ್ತಾಗಿರಲಿಲ್ಲ. 'ನೋಡದೆ ಹೇಳೋಕಾಗಲ್ಲ, ತಗೊಂಡು ಬನ್ನಿ' ಅನ್ನುತ್ತಿದ್ದರು ಅಕ್ಕ. ಕುರ್ಚಿ ಹೊತ್ತು ತಂದಮೇಲೆ ರೇಟು ಕೇಳಿ ಹೌಹಾರುವುದು ಯಾರಿಗೆ ಬೇಕು? ಫೋನ್ ಮಾಡಿದ ಹತ್ತರಲ್ಲಿ ಐದು ಜನ ಬಾರದೆ ಉಳಿದದ್ದರ ದೊಡ್ಡ ಕಾರಣ ಇದೇ ಇರಬೇಕು. ಈಗ ಸಿಲಿಂಡರು, ಚಕ್ರ, ಸೀಟು ಮೂರಕ್ಕೂ ನಿಗದಿ ರೇಟು ಇದೆ. ಕುರ್ಚಿ ಮಗುಚಿ ಅಡಿಯ ಫೋಟೋ ಕಳಿಸಿ ಅನ್ನುತ್ತಾರೆ, ಒಂದು ಗಂಟೆಯೊಳಗೆ ಉತ್ತರ ಕೊಡುತ್ತಾರೆ. ಮೂರು ತಿಂಗಳಲ್ಲಿ ಹತ್ತಕ್ಕೆ ಐದು ಇದ್ದದ್ದು ಏಳಾಯಿತು. ಇದಕ್ಕೆ ಜಾಹೀರಾತಿನ ಖರ್ಚು ಸೊನ್ನೆ.

ಸೀಟಿನ ಅಡಿಯ ಚೀಟಿ

ಇದು ತಮ್ಮನ ಯೋಚನೆ. ಒಬ್ಬರ ಕುರ್ಚಿ ಸರಿಯಾದದ್ದು ನೋಡಿ ಪಕ್ಕದವರು ಕೇಳಿದ ಕಥೆ ಆ ಫೋನುಗಳಲ್ಲಿ ಐದಾರು ಸಲ ಬಂದಿತ್ತು. ಹಾಗಿದ್ದರೆ ಕುರ್ಚಿಯಲ್ಲೇ ನಂಬರು ಇರಲಿ ಎಂದ. ಸೀಟಿನ ಅಡಿಗೆ ಒಂದು ಸ್ಟಿಕ್ಕರ್: ಸಿಲಿಂಡರ್ ಬದಲಿಸಿದ ತಾರೀಖು, 'ಮತ್ತೆ ಇಳಿದರೆ ಇಲ್ಲಿಗೆ ಫೋನ್ ಮಾಡಿ', ನಂಬರು.

ಆ ನಂಬರು ಬೇರೆ ಇರಲಿ ಅಂದೆ. ಖಾಲಿ ಬಿದ್ದಿದ್ದ ಒಂದು ಸಿಮ್ ಅದಕ್ಕೆ ಬಂತು. ಹೊಸ ಉಪಾಯವೇನಲ್ಲ. ನೂರು ವರ್ಷದ ಹಿಂದೆ ಅಂಚೆಯಲ್ಲಿ ಮಾಲು ಮಾರುವವರು ಒಂದೊಂದು ಪತ್ರಿಕೆಯ ಕೂಪನ್ನಿಗೂ ಒಂದೊಂದು ಗುರುತು ಹಾಕುತ್ತಿದ್ದರು. ಯಾವ ಗುರುತಿನ ಕೂಪನ್ ವಾಪಸ್ ಬಂತು ಎಂದು ನೋಡಿದರೆ ಯಾವ ಪತ್ರಿಕೆಯ ಜಾಹೀರಾತು ದುಡಿಯಿತು ಎಂದು ತಿಳಿಯುತ್ತಿತ್ತು.

ಎರಡು ತಿಂಗಳು ಆ ಫೋನು ಸದ್ದೇ ಮಾಡಲಿಲ್ಲ. ತಮ್ಮ ಮಂಕಾದ. ಸ್ಟಿಕ್ಕರ್ ನಿಲ್ಲಿಸುವ ಮಾತು ಬಂತು. ಆಗ ಅಕ್ಕ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ: 'ನೀನು ಹಾಕಿದ ಸಿಲಿಂಡರ್ ಎರಡೇ ತಿಂಗಳಿಗೆ ಕೆಡಬೇಕಾ? ಹಾಗೆ ಫೋನ್ ಬಂದರೆ ನಾವು ಅಳಬೇಕು.' ಐದನೇ ತಿಂಗಳಿಂದ ಕರೆ ಬರತೊಡಗಿತು. ಬಂದವರು ಹೆಚ್ಚಿನವರು ಅದೇ ಕುರ್ಚಿಯವರಲ್ಲ, ಪಕ್ಕದ ಕುರ್ಚಿಯವರು. ಈಗ ತಿಂಗಳಿಗೆ ಹತ್ತು-ಹನ್ನೆರಡು ಕರೆ ಆ ಸಿಮ್ಮಿಗೆ ಬರುತ್ತವೆ.

ನನ್ನ ಸಲಹೆಯೊಂದು ನೆಲಕಚ್ಚಿದ್ದನ್ನೂ ಹೇಳಬೇಕು. ಆಫೀಸುಗಳ ಜೊತೆ ವರ್ಷದ ಒಪ್ಪಂದ ಮಾಡಿಕೊಳ್ಳಿ, ತಿಂಗಳ ಆದಾಯ ಸ್ಥಿರವಾಗುತ್ತದೆ ಎಂದು ಒತ್ತಾಯ ಮಾಡಿದವನು ನಾನು. 60 ಕುರ್ಚಿಯ ಒಂದು ಆಫೀಸು ಸಿಕ್ಕಿತು. ಚೌಕಾಸಿ ಮಾಡಿ ರೇಟು ಇಳಿಸಿದರು. ಕೆಲಸ ಮುಗಿದು ನಾಲ್ಕು ತಿಂಗಳಾದ ಮೇಲೆ ಹಣ ಬಂತು. ಅಷ್ಟರಲ್ಲಿ ಸಿಲಿಂಡರ್ ಕೊಟ್ಟವರಿಗೆ ಇವರು ಕೈಯಿಂದ ಹಣ ಕಟ್ಟಿಯಾಗಿತ್ತು. ಆ ವಾರಗಳಲ್ಲಿ ಒಂದೊಂದು ಕುರ್ಚಿಯವರನ್ನು 'ಮುಂದಿನ ವಾರ ಬನ್ನಿ' ಎಂದು ಕಳಿಸಿದ್ದರು. ಕೆಲವರು ಬರಲೇ ಇಲ್ಲ. ಒಪ್ಪಂದವನ್ನು ಮುಂದುವರಿಸಲಿಲ್ಲ. ಈಗ ಆಫೀಸಿನವರಿಗೆ ಅರ್ಧ ಹಣ ಮುಂಗಡ ಅನ್ನುತ್ತಾರೆ. ದೊಡ್ಡವರು ಒಪ್ಪುವುದಿಲ್ಲ, ಸಣ್ಣವರು ಒಪ್ಪುತ್ತಾರೆ.

ವರ್ಷದ ಕೊನೆಗೆ ನಿಂತ ಲೆಕ್ಕ ಹೀಗಿದೆ. ಕರೆ ತಿಂಗಳಿಗೆ ನೂರರ ಹತ್ತಿರ, ಮೊದಲಿನಷ್ಟೇ. ದೂರದವರ, ಕೆಲಸ ಕೇಳುವವರ ಕರೆ ಹೋಗಿ ಆ ಜಾಗಕ್ಕೆ ಕುರ್ಚಿ ಕೆಟ್ಟವರು ಬಂದಿದ್ದಾರೆ. ಕೆಲಸ 70ಕ್ಕೆ ಮರಳಿದೆ. ಜಾಹೀರಾತಿನ ಖರ್ಚು ಮೂರನೇ ಒಂದು. ಇದೆಲ್ಲ ನಮ್ಮ ಜಾಣತನದಿಂದಲೇ ಆಯಿತು ಎಂದು ಬರೆಯಲು ಆಸೆ ಇದೆ. ಆದರೆ ಅದೇ ವರ್ಷ ಹತ್ತಿರದ ಇನ್ನೊಬ್ಬ ರಿಪೇರಿಯವರು ಅಂಗಡಿ ಮುಚ್ಚಿದರು. ಅವರ ಗಿರಾಕಿಗಳು ಎಷ್ಟು ಇತ್ತ ಬಂದರೋ, ಲೆಕ್ಕ ಸಿಕ್ಕಿಲ್ಲ. ಕಾಗೆಯ ಕಥೆ ನಮಗೂ ಅನ್ವಯಿಸುತ್ತದೆ.

ಹೋದ ತಿಂಗಳು ಅಕ್ಕನ ಫೋನ್ ಬಂತು. ಅವರ ವರ್ಕ್‌ಶಾಪಿನ ಹೆಸರು ಹುಡುಕಿದರೆ ಈಗ ಎಲ್ಲಕ್ಕಿಂತ ಮೇಲೆ ಬೇರೆಯವರ ಜಾಹೀರಾತು ಬರುತ್ತಿದೆಯಂತೆ. ನಮ್ಮ ಪರೀಕ್ಷೆ ನಡೆದಾಗ ಆ ಜಾಗಕ್ಕೆ ಯಾರೂ ಕೈ ಹಾಕಿರಲಿಲ್ಲ, ಆಗ ಬಂದ ಉತ್ತರ ಈಗ ನಿಲ್ಲಬೇಕೆಂದಿಲ್ಲ. ಸ್ವಂತ ಹೆಸರಿನ ಜಾಹೀರಾತನ್ನು ಸಣ್ಣ ಮೊತ್ತಕ್ಕೆ ಮತ್ತೆ ಶುರು ಮಾಡಿದ್ದಾರೆ, ಎರಡು ವಾರ ಚಾಲೂ, ಎರಡು ವಾರ ಬಂದ್. ಮೊದಲ ಎರಡು ವಾರಕ್ಕೆ 51 ಕರೆ. ಬಂದ್ ಮಾಡಿದ ಎರಡು ವಾರ ಈ ಶನಿವಾರ ಮುಗಿಯುತ್ತದೆ.